ವ್ಯಾನಿಗೆ ಎಣ್ಣೆಸ್ನಾನ

ಅಳಿಯನನ್ನು ಬಹುವಚನದಲ್ಲಿ ಮಾತನಾಡಿಸುತ್ತ, ಅಷ್ಟೇ ಗೌರವದಿಂದ ಗಾಡಿಯ ಕೆಳಗೆ ತೂರಿಸಬಲ್ಲ ಅತ್ತೆ ಈ ಭೂಮಂಡಲದಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಪಾಲಿಗೆ ಬಂದಿದ್ದಾರೆ! ಇದು ಹಿಂದಿನ ಜನ್ಮದ ಪುಣ್ಯವೋ ಪಾಪವೋ ಇನ್ನೂ ಇತ್ಯರ್ಥವಾಗಿಲ್ಲ.

“ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ, ಇನ್ನೂ ಸ್ವಲ್ಪ ಒಳಗೆ ಜರುಗ್ತೀರಾ? ಕಾಲು ಮಡಚ್ಕೊಳಿ. ಹಾಂ, ಹಾಗೇ. ಈಗ ಕಣ್ಣು ಮುಚ್ಕೊಳಿ, ಉದುರುತ್ತೆ.”

ಮದುವೆಯ ದಿನ ನನ್ನ ಕಾಲು ತೊಳೆದು ಆ ನೀರನ್ನು ತಲೆಗೆ ಪ್ರೋಕ್ಷಿಸಿಕೊಂಡವರು ಇವರೇನಾ ಎಂದು, ಇಟ್ಟಮಡುವಿನ ಅವರ ಮನೆಯ ಮುಂದೆ ವ್ಯಾನಿನ ಹೊಟ್ಟೆಯಡಿ ಅಂಗಾತ ಮಲಗಿ, ಬಾಯೊಳಗೆ ಬಿದ್ದ ತುಕ್ಕಿನ ಪುಡಿ ಉಗುಳುತ್ತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಹಾಗೆಂದು ಮರ್ಯಾದೆಗೆ ಒಂದು ದಿನವೂ ಕೊರತೆಯಾಗಿಲ್ಲ. ಮಲಗಿದವನಿಗೆ ತಲೆದಿಂಬು ಕೊಡುತ್ತಾರೆ. ಕಾಫಿ ತಂದು ಚಕ್ರದ ಪಕ್ಕದಲ್ಲಿಟ್ಟು “ಬಿಸಿ ಇದೆ, ನಿಧಾನಕ್ಕೆ ಬನ್ನಿ” ಎನ್ನುತ್ತಾರೆ. ಅಳಿಯನಾದವನಿಗೆ ಇನ್ನೇನು ಬೇಕು ಹೇಳಿ!

ಅತ್ತೆಯವರು ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೂವತ್ತು ವರ್ಷ ವಾರ್ಡನ್ ಆಗಿದ್ದವರು. ಅವರ ಕಣ್ಣು ತಪ್ಪಿಸಿ ಕಾಂಪೌಂಡ್ ಹಾರಿದ ಹುಡುಗಿ ಇನ್ನೂ ಹುಟ್ಟಿಲ್ಲ ಎಂದು ಪ್ರತೀತಿ. ನಿವೃತ್ತಿಯಾದ ಮೇಲೆ ಅವರಿಗೆ ಹಿಡಿಯಲು ಕಳ್ಳರಿಲ್ಲದೆ ಕೈಕಾಲು ಕಟ್ಟಿಹಾಕಿದಂತಾಗಿತ್ತು. ಸ್ವಲ್ಪ ದಿನ ಹಾಲಿನ ಪ್ಯಾಕೆಟ್ ಹಾಕುವವನನ್ನು, ಇನ್ನು ಸ್ವಲ್ಪ ದಿನ ನೀರಿನ ಮೀಟರನ್ನು ಅನುಮಾನಿಸಿ ನೋಡಿದರು. ಯಾವುದೂ ಅವರ ಯೋಗ್ಯತೆಗೆ ತಕ್ಕ ಎದುರಾಳಿಯಾಗಲಿಲ್ಲ. ಆಗ ದೇವರು ಕಣ್ಣು ಬಿಟ್ಟು ತುಕ್ಕನ್ನು ಕಳಿಸಿದ.

ಬಂದದ್ದು ಅವರ ವ್ಯಾನಿಗೆ. ನನ್ನ ಹೆಂಡತಿ ಆರನೆಯ ಕ್ಲಾಸಿನಲ್ಲಿದ್ದಾಗ ಕೊಂಡ ಬಿಳಿಯ ವ್ಯಾನು ಅದು. ಪಕ್ಕದಲ್ಲಿ ಜಾರುವ ಬಾಗಿಲು, ಮುಂದಿನ ಸೀಟಿನ ಕೆಳಗೇ ಎಂಜಿನ್ನು, ಬೇಸಿಗೆಯಲ್ಲಿ ಕುಳಿತವರಿಗೆ ಉಚಿತ ಶಾಖೋಪಚಾರ. ಅರವತ್ತಾರರ ಅತ್ತೆಯವರು ಪ್ರತಿ ಶನಿವಾರ ಬೆಳಿಗ್ಗೆ ಅದನ್ನು ಮಡಿವಾಳದ ಮಾರ್ಕೆಟ್ಟಿಗೆ ಓಡಿಸಿಕೊಂಡು ಹೋಗಿ, ಬೀದಿಯ ಐದು ಮನೆಗಾಗುವಷ್ಟು ಸೊಪ್ಪು ತರಕಾರಿ ಹೇರಿಕೊಂಡು ಬರುತ್ತಾರೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ದೊಡ್ಡ ದೊಡ್ಡ ಬಸ್ಸುಗಳು ಅವರಿಗೆ ದಾರಿ ಬಿಟ್ಟದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಡ್ರೈವರುಗಳ ಅಕ್ಕತಂಗಿಯರು ಆ ಹಾಸ್ಟೆಲಿನಲ್ಲಿ ಓದಿದ್ದಿರಬೇಕು!

ಈ ವರ್ಷ ವ್ಯಾನಿನ ನೋಂದಣಿಯನ್ನು ಮತ್ತೆ ನವೀಕರಿಸಬೇಕಿತ್ತು. ಅಂದರೆ ಆರ್‌ಟಿಒ ಇನ್ಸ್‌ಪೆಕ್ಟರು ಗಾಡಿಯನ್ನು ಕೂಲಂಕಷವಾಗಿ ನೋಡಿ, ಓಡಿಸಲು ಯೋಗ್ಯ ಎಂದು ಒಪ್ಪಬೇಕು. ಒಪ್ಪದಿದ್ದರೆ ಗುಜರಿ. ಆರು ವಾರ ಮುಂಚೆಯೇ ಅತ್ತೆಯವರು ನನ್ನನ್ನು ಜೊತೆಗೆ ಕರೆದುಕೊಂಡು, ಸುದ್ದಗುಂಟೆಪಾಳ್ಯದ ಒಬ್ಬ ಟಿಂಕರಿಂಗ್ ಕೆಲಸದವನಿಗೆ ಗಾಡಿ ತೋರಿಸಿದರು. ಆತ ಒಳಗಿನ ಮ್ಯಾಟ್ ಎತ್ತಿದ, ಬಾಗಿಲ ಅಂಚು ತಟ್ಟಿದ, ಕೈಗೆ ಸಿಕ್ಕ ಕಡೆಯೆಲ್ಲ ಬಣ್ಣ ಕೆರೆದು ಬೋಳು ಕಬ್ಬಿಣ ಕಾಣಿಸಿದ. ಆಮೇಲೆ ಎದ್ದು ನಿಂತು ಕೈ ಒರೆಸಿಕೊಂಡು ತೀರ್ಪು ಕೊಟ್ಟ.

“ಅಮ್ಮಾ, ಗಾಡೀಲಿ ತುಕ್ಕು ಇಲ್ಲ. ತುಕ್ಕಲ್ಲಿ ಸ್ವಲ್ಪ ಗಾಡಿ ಇದೆ.”

“ನೋಡಪ್ಪ, ಸರಿ ಮಾಡಕ್ಕೆ ಆಗುತ್ತೋ ಇಲ್ವೋ?”

“ಫ್ಲೋರ್ ಪೂರ್ತಿ ಕಟ್ ಮಾಡಿ ಹೊಸಾ ಶೀಟ್ ವೆಲ್ಡ್ ಮಾಡ್ಬೇಕು. ಫುಲ್ ಪೇಂಟಿಂಗು. ಅದಕ್ಕಾಗೋ ದುಡ್ಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರೇ ಬರುತ್ತೆ. ಮತ್ತೆ ಇಲ್ಲಿ ನೋಡಿ, ಕಬ್ಬಿಣದ ಮೇಲೆ ಕೆತ್ತಿರೋ ಚಾಸಿ ನಂಬರೇ ತುಕ್ಕಲ್ಲಿ ಮುಳುಗೋಗಿದೆ. ನಂಬರ್ ಓದಕ್ಕಾಗ್ಲಿಲ್ಲ ಅಂದ್ರೆ ಇನ್ಸ್‌ಪೆಕ್ಟರ್ ಮುಟ್ಟೋದೂ ಇಲ್ಲ. ಗುಜರಿಗೆ ಹಾಕ್ಬಿಡಿ ಅಮ್ಮಾ.”

ಅತ್ತೆಯವರು ಸೀದಾ ವ್ಯಾನ್ ಹತ್ತಿ ಸ್ಟಾರ್ಟ್ ಮಾಡಿದರು. ನಾನು ಓಡಿ ಹೋಗಿ ಹತ್ತಿಕೊಂಡೆ. ಇಲ್ಲದಿದ್ದರೆ ನನ್ನನ್ನೂ ಗುಜರಿಯವನ ಪಾಲಿಗೆ ಬಿಟ್ಟು ಹೋಗುತ್ತಿದ್ದರೇನೋ.

ಆ ಸಂಜೆ ಇಟ್ಟಮಡುವಿನಲ್ಲಿ ಕುಟುಂಬದ ಸಭೆ ಸೇರಿತು. ಸಭೆ ಎಂದರೆ ನಾಲ್ಕೇ ಜನ. ಅತ್ತೆ, ಮಾವ, ಜೆ.ಪಿ. ನಗರದಿಂದ ಹೋದ ನಾನು ಮತ್ತು ನನ್ನ ಹೆಂಡತಿ. ಮಾವನವರು ಮಿತಭಾಷಿಗಳು. ಮಂಡಿನೋವಿನ ದೆಸೆಯಿಂದ ಜಗಲಿಯ ಎತ್ತರದ ಕುರ್ಚಿಯೇ ಅವರ ಸಿಂಹಾಸನ, ಪೇಪರೇ ಅವರ ರಾಜ್ಯಭಾರ. ನಾನು ಮುಂಚೆಯೇ ತಯಾರಾಗಿ ಹೋಗಿದ್ದೆ. ಗೇರ್ ಬದಲಿಸುವ ಗೋಜಿಲ್ಲದ ಪುಟ್ಟ ಹೊಸ ಕಾರೊಂದರ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಕೆಂಪು, ನೀಲಿ, ಬೂದು, ಯಾವ ಬಣ್ಣ ಬೇಕಾದರೂ ಇತ್ತು. ಎಸಿ ಇತ್ತು. ಶೋರೂಮಿನವರು ದಿನಕ್ಕೆರಡು ಸಲ ಫೋನ್ ಮಾಡಿ ನನ್ನ ಆರೋಗ್ಯ ವಿಚಾರಿಸುತ್ತಿದ್ದರು.

“ಬೇಡ” ಎಂದರು ಅತ್ತೆ.

“ಯಾಕಮ್ಮಾ?” ಎಂದಳು ನನ್ನ ಹೆಂಡತಿ.

“ಇದರ ಹಾರ್ನು ನನ್ನ ಕಿವಿಗೆ ಒಗ್ಗಿದೆ.”

“ಹಾರ್ನಿಗೋಸ್ಕರ ಯಾರಾದ್ರೂ ವ್ಯಾನ್ ಇಟ್ಕೋತಾರಾ?”

“ಮತ್ತೆ ಆ ಕಾರಲ್ಲಿ ಸೊಪ್ಪಿನ ಕಂತೆ ಎಲ್ಲಿ ಇಡೋದು? ತೊಡೆ ಮೇಲಾ?”

ಕೊನೆಗೆ ಒಂದು ಒಪ್ಪಂದವಾಯಿತು. ಆರು ವಾರದಲ್ಲಿ ಅತ್ತೆಯವರು ತಮ್ಮ ಕೈಯಾರೆ, ತಮ್ಮ ಪಿಂಚಣಿಗೆ ಏಟು ಬೀಳದ ಹಾಗೆ, ತುಕ್ಕನ್ನು ಇದ್ದಲ್ಲೇ ತಡೆದು ನಿಲ್ಲಿಸಬೇಕು. ವ್ಯಾನು ಪಾಸಾದರೆ ಈ ವಿಷಯವನ್ನು ಇನ್ನು ಐದು ವರ್ಷ ಯಾರೂ ಎತ್ತಕೂಡದು. ಫೇಲಾದರೆ ಅವರು ತುಟಿ ಪಿಟಕ್ ಎನ್ನದೆ ಪುಟ್ಟ ಕಾರು ಹತ್ತಬೇಕು. ಗೆಲುವು ನನ್ನದೇ ಎಂದು ನಾನು ಒಳಗೊಳಗೇ ಕೆಂಪು ಬಣ್ಣವನ್ನೇ ಆರಿಸಿಟ್ಟುಕೊಂಡೆ. ಅಳಿಯನ ಬುದ್ಧಿ ನೋಡಿ! ಆದರೆ “ಕೆಳಗೆ ತೂರೋಕೆ ನಂಗೆ ಸೊಂಟ ಬಗ್ಗಲ್ಲ, ನೀವು ಬರ್ತೀರಲ್ವಾ?” ಎಂದು ಕೇಳಿದಾಗ, ಹೂಂ ಎಂದು ತಲೆಯಾಡಿಸಿದವನೂ ನಾನೇ. ಎದುರಾಳಿಯನ್ನೇ ಸಿಪಾಯಿಯಾಗಿ ಸೇರಿಸಿಕೊಂಡು ಯುದ್ಧಕ್ಕೆ ಹೊರಟ ಸೇನಾಪತಿ ನನ್ನ ಅತ್ತೆ.

ಮೊದಲ ಭಾನುವಾರ ಹುಣಸೆಹಣ್ಣಿನ ಪ್ರಯೋಗ. ದೇವರ ಮನೆಯ ಹಿತ್ತಾಳೆ ದೀಪ, ತಾಮ್ರದ ತಂಬಿಗೆ ಎಷ್ಟೇ ಕಪ್ಪಿಟ್ಟಿದ್ದರೂ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದರೆ ಫಳಫಳ ಎನ್ನುತ್ತವಲ್ಲ, ಕಬ್ಬಿಣ ಏನು ಮಹಾ ಎಂಬುದು ಅವರ ವಾದ. ಒಂದು ದೊಡ್ಡ ಪಾತ್ರೆ ತುಂಬ ಹುಣಸೆಹಣ್ಣು ನೆನೆಹಾಕಿದ್ದರು. ಅಷ್ಟರಲ್ಲಿ ಒಂದು ಮದುವೆಗಾಗುವಷ್ಟು ಸಾರು ಮಾಡಬಹುದಿತ್ತು. ನಾನು ತೆಂಗಿನ ನಾರು ಹಿಡಿದು ಕೆಳಗಿನಿಂದ, ಅವರು ಮೇಲಿನಿಂದ, ಬೆಳಗಿನಿಂದ ಮಧ್ಯಾಹ್ನದವರೆಗೆ ತಿಕ್ಕಿದೆವು. ಮತ್ತೆ ಕೇಳುತ್ತೀರಾ! ಕೆಂಪು ಕೆಂಪಾಗಿದ್ದ ಕಬ್ಬಿಣ ಬೆಳ್ಳಿಯ ತಟ್ಟೆಯ ಹಾಗೆ ಹೊಳೆಯಿತು. ಪಾತ್ರೆ ಬೆಳಗಿದ ಮೇಲೆ ಏನು ಮಾಡುತ್ತಾರೆ? ಧಾರಾಳವಾಗಿ ನೀರು ಹಾಕಿ ತೊಳೆದು, ಬೋರಲು ಹಾಕಿ, ಅರಿಶಿನ ಕುಂಕುಮ ಇಡುತ್ತಾರೆ. ವ್ಯಾನನ್ನು ಬೋರಲು ಹಾಕಲಾಗಲಿಲ್ಲ, ಅಷ್ಟೇ. ಮಿಕ್ಕಿದ್ದೆಲ್ಲ ಶಾಸ್ತ್ರೋಕ್ತವಾಗಿ ನಡೆಯಿತು. ನಾಲ್ಕು ಕೊಡ ನೀರು ಸುರಿದು, ಬಾಗಿಲಿನ ಬೋಳು ಭಾಗಕ್ಕೆ ಒಂದು ಬೊಟ್ಟು ಕುಂಕುಮವಿಟ್ಟು, ಅತ್ತೆಯವರು ದೂರ ನಿಂತು ಕಣ್ತುಂಬ ನೋಡಿದರು.

ಸೋಮವಾರ ಬೆಳಿಗ್ಗೆ ಏಳಕ್ಕೆ ಫೋನು. “ಅಳಿಯಂದ್ರೇ, ತಕ್ಷಣ ಬನ್ನಿ.”

ಗಾಬರಿಯಿಂದ ಹೋಗಿ ನೋಡಿದರೆ, ಹುಣಸೆಹಣ್ಣು ತಾಗಿದ ಕಡೆಯೆಲ್ಲ ಕಿತ್ತಳೆ ಬಣ್ಣ! ಮುಂಚಿಗಿಂತ ಲಕ್ಷಣವಾದ, ತಾಜಾ, ಹೊಚ್ಚ ಹೊಸ ತುಕ್ಕು ಒಂದೇ ರಾತ್ರಿಯಲ್ಲಿ ಅರಳಿತ್ತು. ಹುಳಿ, ಉಪ್ಪು, ನೀರು ಮೂರೂ ಸಿಕ್ಕರೆ ತುಕ್ಕಿಗೆ ಅದಕ್ಕಿಂತ ಒಳ್ಳೆಯ ಊಟ ಬೇರೆ ಇಲ್ಲವಂತೆ. ಇದು ನಮಗೆ ಆಮೇಲೆ ತಿಳಿಯಿತು. ಅತ್ತೆಯವರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಮಾವನವರು ಕುರ್ಚಿಯಿಂದಲೇ ಪೇಪರ್ ಇಳಿಸಿ ನೋಡಿ ಹೇಳಿದರು:

“ನೀನು ಇಟ್ಟಿದ್ದು ಒಂದೇ ಬೊಟ್ಟು ಕಣೇ. ಮಿಕ್ಕಿದ್ದು ಅದೇ ಹಚ್ಕೊಂಡಿದೆ.”

“ರೀ, ನೀವು ಪೇಪರ್ ಓದಿ.”

ಮಾವನವರು ಓದಿದರು. ಪೇಪರ್ ಮಾತ್ರ ಬಹಳ ಹೊತ್ತು ಅಲುಗಾಡುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಸೋಲೊಪ್ಪುತ್ತಿದ್ದರು. ಅತ್ತೆಯವರು ಒಳಗೆ ಹೋಗಿ ದೋಸೆ ಹುಯ್ಯಲು ನಿಂತರು. ಚಿಂತೆ ಹೆಚ್ಚಾದಾಗ ದೋಸೆ ಹುಯ್ಯುವುದು ಅವರ ಪದ್ಧತಿ; ಆ ದಿನ ನಾನು ಏಳು ತಿಂದೆ. ಎಂಟನೆಯದಕ್ಕೆ ಕಾವಲಿಯ ಮೇಲೆ ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯನ್ನು ಉಜ್ಜುತ್ತಿದ್ದವರು ಹಾಗೇ ಕೈ ನಿಲ್ಲಿಸಿದರು.

“ಈ ಕಾವಲಿ ನಮ್ಮತ್ತೆ ಕಾಲದ್ದು. ಕಬ್ಬಿಣದ್ದು. ಬಣ್ಣ ಇಲ್ಲ, ಏನಿಲ್ಲ, ಬೋಳು. ಇದಕ್ಯಾಕೆ ತುಕ್ಕು ಹಿಡಿದಿಲ್ಲ?”

ನಾನು ದೋಸೆಯಿಂದ ತಲೆ ಎತ್ತಿದೆ.

“ದಿನಾ ಎಣ್ಣೆ ಕುಡಿಯುತ್ತೆ, ಅದಕ್ಕೆ! ನೀರು ತಾಗಿಸಲ್ಲ, ಹುಳಿ ತಾಗಿಸಲ್ಲ. ಅಳಿಯಂದ್ರೇ, ವ್ಯಾನಿಗೆ ಬೇಕಾಗಿದ್ದು ಸ್ನಾನ ಅಲ್ಲ. ಅಭ್ಯಂಜನ!”

ಎಂಟನೆಯ ದೋಸೆ ಹುಟ್ಟಲೇ ಇಲ್ಲ. ಆದರೆ ವಿಜ್ಞಾನ ಮುಂದಡಿ ಇಟ್ಟಿತು.

ಅಭ್ಯಂಜನವೆಂದ ಮೇಲೆ ಹರಳೆಣ್ಣೆಯೇ ಆಗಬೇಕು. ಮುಂದಿನ ಭಾನುವಾರ ಹೊಸ ತುಕ್ಕನ್ನೆಲ್ಲ ತಂತಿಬ್ರಷ್ಷಿನಲ್ಲಿ ನೀರು ಸೋಕಿಸದೆಯೇ ಉಜ್ಜಿ ತೆಗೆದು, ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ಬೋಳು ಕಬ್ಬಿಣಕ್ಕೆಲ್ಲ ಬಳಿದರು. ಬ್ರೇಕಿನ ಹತ್ತಿರ ಎಣ್ಣೆ ಹೋದರೆ ಗಾಡಿ ನಿಲ್ಲುವುದಿಲ್ಲ ಎಂದು ನಾನು ಬೇಡಿಕೊಂಡದ್ದರಿಂದ ಚಕ್ರಗಳಿಗೆಲ್ಲ ಪ್ಲಾಸ್ಟಿಕ್ ಕವರ್ ಕಟ್ಟಿದ್ದರು. ನಾಲ್ಕು ಚಕ್ರಕ್ಕೂ ಕವರ್ ಕಟ್ಟಿಕೊಂಡು, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು ಹೊಂಗೆ ಮರದ ಕೆಳಗೆ ನಿಂತ ವ್ಯಾನು, ದೀಪಾವಳಿಯ ಬೆಳಿಗ್ಗೆ ಬಚ್ಚಲಿನ ಮುಂದೆ ಸರದಿಗೆ ಕಾಯುವ ಮಗುವಿನ ಹಾಗೆ ಕಂಡಿತು.

ತುಕ್ಕು ನಿಂತಿತು, ನಿಜ. ಆದರೆ ಹರಳೆಣ್ಣೆ ಒಣಗುವ ಜಾತಿಯದಲ್ಲ. ಅದು ಅಂಟು. ನಾಲ್ಕು ದಿನದಲ್ಲಿ ಇಟ್ಟಮಡುವಿನ ಧೂಳೆಲ್ಲ ವ್ಯಾನಿನಲ್ಲಿ ನೆಲೆಸಿತು. ಹೊಂಗೆಯ ಎಲೆ, ಕಸಕಡ್ಡಿ, ಯಾರದೋ ಬಸ್ ಟಿಕೆಟ್ಟು, ಗಾಳಿಗೆ ಹಾರಿಬಂದ ಒಂದು ಕರಪತ್ರ ಎಲ್ಲ ಅಂಟಿಕೊಂಡವು. ಪಕ್ಕದ ಮನೆಯ ಬೆಕ್ಕು ಎಂದಿನಂತೆ ಬಾಗಿಲಿನಿಂದ ಒಳಗೆ ಹೋಗಿ ಮೂರು ಹೆಜ್ಜೆ ಇಟ್ಟಿತಂತೆ. ನಾಲ್ಕನೆಯದನ್ನು ಇಡುವ ಮುಂಚೆ ಬಹಳ ಯೋಚಿಸಿತಂತೆ! ಅದು ಮತ್ತೆ ವ್ಯಾನಿನ ಕಡೆ ಸುಳಿಯಲಿಲ್ಲ.

“ಕಡಲೆಕಾಯಿ ಎಣ್ಣೆ ತೆಳ್ಳಗಿರುತ್ತೆ” ಎಂದು ಅತ್ತೆಯವರು ಎಣ್ಣೆ ಬದಲಿಸಿದರು. ಅದು ತೆಳ್ಳಗಿತ್ತು. ಎಷ್ಟು ತೆಳ್ಳಗೆಂದರೆ, ಸೀಟಿನ ಕೆಳಗಿಂದ ಇಳಿದು ಎಂಜಿನ್ನಿನ ಮೇಲೂ ಒಂದಿಷ್ಟು ಹನಿದಿತ್ತು. ಆ ಶನಿವಾರ ಮಡಿವಾಳದಿಂದ ವಾಪಸು ಬರುವಾಗ ಜೊತೆಗೆ ನಾನೂ ಇದ್ದೆ. ಸಿಲ್ಕ್ ಬೋರ್ಡಿನಲ್ಲಿ ಎಂದಿನ ಹಾಗೆ ಗಾಡಿಗಳು ಅರ್ಧ ಗಂಟೆ ಅಲ್ಲಾಡಲಿಲ್ಲ. ಎಂಜಿನ್ ಕಾಯಿತು. ಎಣ್ಣೆಯೂ ಕಾಯಿತು. ಘಮ್ ಎಂದು ಸುವಾಸನೆ ಎದ್ದಿತು. ಪಕ್ಕದಲ್ಲಿ ನಿಂತಿದ್ದ ಬೈಕಿನ ಹುಡುಗ ಹೆಲ್ಮೆಟ್ ಎತ್ತಿ ಮೂಗರಳಿಸಿದ.

“ಆಂಟಿ, ಸಖತ್ ವಾಸನೆ! ಬೋಂಡಾನಾ, ಬಜ್ಜೀನಾ?”

“ತುಕ್ಕು ಕಣಪ್ಪ” ಎಂದರು ಅತ್ತೆ, ಮುಂದೆ ನೋಡುತ್ತ.

ಹುಡುಗ ಹೆಲ್ಮೆಟ್ ಇಳಿಸಿಕೊಂಡ. ಮನೆಗೆ ಬಂದ ಮೇಲೆ ಕೆಂಜಿರುವೆಗಳು ಸಾಲುಗಟ್ಟಿ ಬಂದು ಸ್ವಾಗತಿಸಿದವು. ನಾನು ಎಂಜಿನ್ ಮೇಲಿನ ಎಣ್ಣೆಯನ್ನೆಲ್ಲ ಒರೆಸಿ ತೆಗೆದು, ಇನ್ನು ಆ ಕಡೆ ಒಂದು ಹನಿಯೂ ಬೀಳಕೂಡದು ಎಂದು ಮೊದಲ ಬಾರಿಗೆ ಅತ್ತೆಗೆ ದನಿಯೆತ್ತಿ ಹೇಳಿದೆ. “ಆಯ್ತು, ನೀವು ಹೇಳಿದ ಮೇಲೆ ಮುಗೀತು” ಎಂದರು. ನನಗೆ ಒಂದು ಕ್ಷಣ ಯಾರ ಮನೆಗೆ ಬಂದಿದ್ದೇನೆಂಬುದೇ ಮರೆತುಹೋಯಿತು.

ಅಷ್ಟರಲ್ಲಿ ಮೂರು ವಾರ ಕಳೆದಿತ್ತು. ಮುಂಗಾರು ಹಿಡಿದಿತ್ತು. ಬೆಳಿಗ್ಗೆ ಎದ್ದರೆ ಮೋಡ, ಸಂಜೆಯಾದರೆ ಮಳೆ. ಅತ್ತೆಯವರ ಮುಖದಲ್ಲಿ ಮೊದಲ ಬಾರಿಗೆ ಅಳುಕು ಕಂಡೆ. ಮೊಬೈಲಿನಲ್ಲಿ ಪರದೇಶದವನೊಬ್ಬ ತುಕ್ಕು ತಡೆಯುವ ಸ್ಪ್ರೇ ಹೊಡೆಯುವುದನ್ನು ನೋಡುತ್ತ ಕುಳಿತಿದ್ದರು. ಅದರ ಬೆಲೆ ನೋಡಿ, “ಅವರ ಊರಲ್ಲಿ ಎಣ್ಣೆ ಸಿಗಲ್ವೇನೋ ಪಾಪ” ಎಂದು ಮೊಬೈಲ್ ಬೋರಲು ಹಾಕಿದರು. ಮಾತು ಜೋರಾಗಿತ್ತು, ದನಿ ಮಾತ್ರ ಸಣ್ಣದಾಗಿತ್ತು.

ನಾನು ಸುಮ್ಮನಿದ್ದಿದ್ದರೆ ಕೆಂಪು ಕಾರು ಮನೆಯ ಮುಂದೆ ಬಂದು ನಿಲ್ಲುತ್ತಿತ್ತು. ಆದರೆ ಬಾಯಿ ಎಂಬುದು ಸುಮ್ಮನಿರುತ್ತದೆಯೇ? ಹೈಸ್ಕೂಲಿನಲ್ಲಿ ಅಪ್ಪ ಮೊದಲ ಸಲ ಒಳ್ಳೆಯ ಕ್ರಿಕೆಟ್ ಬ್ಯಾಟು ಕೊಡಿಸಿದಾಗ ಅದಕ್ಕೆ ಅಗಸೆ ಎಣ್ಣೆ ಹಚ್ಚಿ ಬಿಸಿಲಿಗೆ ಇಡುತ್ತಿದ್ದದ್ದು ನನಗೆ ನೆನಪಾಯಿತು. ಆ ಎಣ್ಣೆ ಒಣಗಿ ತೆಳ್ಳನೆಯ ಗಟ್ಟಿ ಪೊರೆಯಾಗುತ್ತಿತ್ತು. ಕೈಗೆ ಅಂಟುತ್ತಿರಲಿಲ್ಲ.

“ಅತ್ತೆ, ಒಣಗೋ ಎಣ್ಣೆ ಒಂದಿದೆ” ಎಂದುಬಿಟ್ಟೆ!

ಹತ್ತು ನಿಮಿಷದಲ್ಲಿ ನಾವು ಬನಶಂಕರಿಯ ಒಂದು ಬಣ್ಣದ ಅಂಗಡಿಯ ಮುಂದಿದ್ದೆವು. ಮರಗೆಲಸದವರು ಬಳಸುವ ಕಾಯಿಸಿದ ಅಗಸೆ ಎಣ್ಣೆ ಒಂದು ಲೀಟರಿನ ಡಬ್ಬಿಯಲ್ಲಿ ಸಿಕ್ಕಿತು. ಅಂಗಡಿಯವನು ಒಂದು ಎಚ್ಚರಿಕೆಯನ್ನೂ ಕೊಟ್ಟ.

“ಒರೆಸಿದ ಬಟ್ಟೇನ ಉಂಡೆ ಮಾಡಿ ಮೂಲೆಗೆ ಎಸೀಬೇಡಿ ಮೇಡಂ. ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳುತ್ತೆ. ಬಿಡಿಸಿ ಒಣಗಹಾಕಿ.”

ಆ ಭಾನುವಾರದಿಂದ ನಿಜವಾದ ಕೆಲಸ ಶುರುವಾಯಿತು. ಅತ್ತೆಯವರ ವಾರ್ಡನ್ ಪ್ರತಿಭೆ ಪೂರ್ಣರೂಪದಲ್ಲಿ ಪ್ರಕಟವಾದದ್ದು ಆಗಲೇ. ಎಣ್ಣೆ ಹಚ್ಚುವ ಮುಂಚೆ ಅವರು ಕೇಳಿದ ಪ್ರಶ್ನೆ: “ನೀರು ಒಳಗೆ ಬರ್ತಿರೋದು ಎಲ್ಲಿಂದ?” ಕಳ್ಳನನ್ನು ಹೊಡೆಯುವ ಮುಂಚೆ ಗೋಡೆಯ ಕನ್ನ ಹುಡುಕುವವರು ಅವರು. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಸೋರಿಹೋಗಲು ಸಣ್ಣ ಸಣ್ಣ ತೂತುಗಳಿರುತ್ತವೆ. ಅವೆಲ್ಲ ಮಣ್ಣು ತುಂಬಿ ಮುಚ್ಚಿಹೋಗಿದ್ದವು. ಅತ್ತೆಯವರು ತುರುಬಿನಿಂದ ಹೇರ್‌ಪಿನ್ ಎಳೆದು ಒಂದೊಂದನ್ನೇ ಬಿಡಿಸಿದರು. ಒಂದು ಬಾಗಿಲಿನಿಂದ ಅರ್ಧ ಚೊಂಬು ನೀರು ಬಂತು.

ಆದರೆ ನೆಲಕ್ಕೆ ನೀರು ಬಂದದ್ದು ಎಲ್ಲಿಂದ? ಮ್ಯಾಟಿನ ಕೆಳಗೆ, ಸರಿಯಾಗಿ ಹಿಂದಿನ ಸೀಟಿನ ಮುಂದುಗಡೆ ತುಕ್ಕು ಅತಿ ಹೆಚ್ಚು. ಅತ್ತೆಯವರು ಬಹಳ ಹೊತ್ತು ನೋಡಿದರು. ಮಾವನವರು ಕುರ್ಚಿಯಿಂದ ಕೇಳಿದರು:

“ಶನಿವಾರ ಶನಿವಾರ ಸೊಪ್ಪಿನ ಕಂತೆ ಎಲ್ಲಿ ಇಡ್ತೀಯಾ?”

ಮಾರ್ಕೆಟ್ಟಿನವರು ಸೊಪ್ಪು ಬಾಡದಿರಲಿ ಎಂದು ನೀರು ಚಿಮುಕಿಸಿ ಕಟ್ಟುತ್ತಾರಲ್ಲ, ಆ ನೀರೆಲ್ಲ ಇಪ್ಪತ್ತೈದು ವರ್ಷ ಅದೇ ಜಾಗದಲ್ಲಿ ಮ್ಯಾಟಿನ ಕೆಳಗೆ ಇಳಿದಿತ್ತು. ಮೂವತ್ತು ವರ್ಷದ ವೃತ್ತಿಜೀವನದಲ್ಲಿ ಮೊದಲ ಬಾರಿಗೆ ವಾರ್ಡನ್ನರೇ ಸಿಕ್ಕಿಬಿದ್ದಿದ್ದರು! ಅತ್ತೆಯವರು ಮುಖ ಕೆಂಪು ಮಾಡಿಕೊಂಡು, “ದಂಟಿನ ಸೊಪ್ಪು ಸ್ವಲ್ಪ ಜಾಸ್ತಿ ನೀರು ಬಿಡುತ್ತೆ” ಎಂದು ಅಪರಾಧವನ್ನು ದಂಟಿನ ಸೊಪ್ಪಿನ ಮೇಲೆ ಹೊರಿಸಿದರು. ಅಂದಿನಿಂದ ಸೊಪ್ಪು ಪ್ಲಾಸ್ಟಿಕ್ ಟಬ್ಬಿನಲ್ಲಿ ಕುಳಿತು ಪ್ರಯಾಣ ಮಾಡುತ್ತದೆ.

ಆಮೇಲೆ ಒಣ ಉಜ್ಜಾಟ. ತಂತಿಬ್ರಷ್ಷು, ಎಮರಿ ಪೇಪರು, ಕೊನೆಗೆ ಥಿನ್ನರಿನಲ್ಲಿ ಅದ್ದಿದ ಬಟ್ಟೆ. ಒಂದು ತೊಟ್ಟು ನೀರಿಲ್ಲ. ಸಂದಿಗೊಂದಿಯ ತೇವಕ್ಕೆ ನನ್ನ ಹೆಂಡತಿಯ ಕೂದಲು ಒಣಗಿಸುವ ಯಂತ್ರ. ಅದನ್ನು ಕೇಳದೆ ತಂದದ್ದಕ್ಕೆ ನನಗೆ ಮನೆಯಲ್ಲಿ ಬೇರೆ ಮಂಗಳಾರತಿಯಾಯಿತು. ಚಾಸಿ ನಂಬರಿನ ಜಾಗವನ್ನು ಮಾತ್ರ ಅತ್ತೆಯವರು ನನಗೆ ಮುಟ್ಟಗೊಡಲಿಲ್ಲ. ಎಮರಿ ಪೇಪರ್ ಹಾಕಿದರೆ ತುಕ್ಕಿನ ಜೊತೆ ನಂಬರೂ ಹೋಗುತ್ತದೆಂದು, ಹಳೆಯ ಟೂತ್‌ಬ್ರಷ್ಷನ್ನು ಎಣ್ಣೆಯಲ್ಲಿ ಅದ್ದಿಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ದಿನಕ್ಕೆ ಒಂದು ಅಂಕಿಯಂತೆ ನಯವಾಗಿ ಬಿಡಿಸಿದರು. “ಇವತ್ತು ಏಳು ಬಂತು” ಎಂದು ಫೋನ್ ಮಾಡಿ ಹೇಳುತ್ತಿದ್ದರು. ಮೊಮ್ಮಗುವಿಗೆ ಹಲ್ಲು ಬಂದರೂ ಅಷ್ಟು ಸಂಭ್ರಮವಿರುತ್ತಿರಲಿಲ್ಲ.

ಅಗಸೆ ಎಣ್ಣೆಯನ್ನು ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ, ಕಾವಲಿಗೆ ಸವರಿದಷ್ಟೇ ತೆಳ್ಳಗೆ ಸವರಿದೆವು. ದಪ್ಪಗೆ ಬಳಿದರೆ ಮೇಲೆ ಕೆನೆಗಟ್ಟಿ ಒಳಗೆ ಒಣಗುವುದಿಲ್ಲ. ಬಿಸಿಲು ಸಿಕ್ಕಾಗ ಬಾಗಿಲುಗಳನ್ನೆಲ್ಲ ತೆರೆದು ಒಣಗಿಸುವುದು, ಮಳೆ ಬಂದರೆ ಟಾರ್ಪಾಲು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ನಾಲ್ಕು ಪದರವಾದ ಮೇಲೆ ಕಬ್ಬಿಣ ಜೇನುತುಪ್ಪದ ಬಣ್ಣಕ್ಕೆ ತಿರುಗಿತು. ಹೊರಗೆ ಕಾಣುವ ಕಡೆಗೆ ಕಿಟಕಿ ಗ್ರಿಲ್ಲಿಗೆ ಹೊಡೆದು ಮಿಕ್ಕಿದ್ದ ಬಿಳಿ ಬಣ್ಣ ಬಿತ್ತು. ಎಣ್ಣೆ ಒರೆಸಿದ ಚಿಂದಿಗಳೆಲ್ಲ ಬಟ್ಟೆ ಒಣಗಿಸುವ ತಂತಿಯ ಮೇಲೆ ಕ್ಲಿಪ್ಪು ಹಾಕಿಸಿಕೊಂಡು ಹಾರಾಡುತ್ತಿದ್ದವು. ಬೀದಿಯವರು ಅದೇನು ವ್ರತವೆಂದು ಕೇಳಿಕೊಂಡು ಹೋಗುತ್ತಿದ್ದರು.

ಐದನೆಯ ವಾರದ ಕೊನೆಗೆ ಒಂದು ರಾತ್ರಿ ಮಹಾಮಳೆ ಬಂತು, ಟಾರ್ಪಾಲು ಗಾಳಿಗೆ ಹಾರಿಹೋಯಿತು. ಬೆಳಗಾದ ಕೂಡಲೇ ನಾನೂ ಹೆಂಡತಿಯೂ ಇಟ್ಟಮಡುವಿಗೆ ಓಡಿದೆವು. ಮ್ಯಾಟ್ ಎತ್ತಿ ನೋಡಿದರೆ ನೀರಿನ ಹನಿಗಳು ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ನಿಂತಿವೆ. ಒರೆಸಿದರೆ ಕೆಳಗೆ ಕೆಂಪಿನ ಸುಳಿವೇ ಇಲ್ಲ! ಅತ್ತೆಯವರು ಬೆರಳಿನಿಂದ ಉಜ್ಜಿ, ಬಿಳಿ ಸೆರಗಿಗೆ ಒರೆಸಿ, ಸೆರಗನ್ನು ನಮಗೆ ತೋರಿಸಿದರು. ಸೆರಗು ಬೆಳ್ಳಗೇ ಇತ್ತು. ಆ ಕ್ಷಣ ನಾನು ಯಾವ ಪಕ್ಷದವನೆಂಬುದು ಮರೆತುಹೋಗಿ ಚಪ್ಪಾಳೆ ತಟ್ಟಿದೆ.

ಪರೀಕ್ಷೆಯ ದಿನ ಅತ್ತೆಯವರು ರೇಷ್ಮೆ ಸೀರೆ ಉಟ್ಟು ಬಂದರು. ಆರ್‌ಟಿಒ ಮೈದಾನದಲ್ಲಿ ಸಾಲುಗಟ್ಟಿದ ಗಾಡಿಗಳ ನಡುವೆ ನಮ್ಮ ವ್ಯಾನಿನಷ್ಟು ವಯಸ್ಸಾದದ್ದು ಇನ್ನೊಂದಿರಲಿಲ್ಲ. ಇನ್ಸ್‌ಪೆಕ್ಟರು ಚಿಕ್ಕ ವಯಸ್ಸಿನವರು. ದೀಪ ನೋಡಿದರು, ಬ್ರೇಕ್ ನೋಡಿದರು, ಹಾರ್ನ್ ಹೊಡೆಸಿದರು. ಅತ್ತೆಯವರ ಕಿವಿಗೆ ಒಗ್ಗಿದ ಆ ಹಾರ್ನು ಮೈದಾನದ ಕಾಗೆಗಳ ಕಿವಿಗೆ ಒಗ್ಗಲಿಲ್ಲ. ಆಮೇಲೆ ಮ್ಯಾಟ್ ಎತ್ತಿಸಿ, ಟಾರ್ಚು ಬಿಟ್ಟು, ನೆಲವನ್ನು ಬೆರಳಿನಿಂದ ಕುಟ್ಟಿದರು. ಠಣ್ ಎಂದಿತು. ಕೊನೆಗೆ ಚಾಸಿ ನಂಬರಿನ ಮೇಲೆ ಬಿಳಿ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ಒಂದೊಂದೇ ಅಂಕಿ ಕಾಗದದ ಮೇಲೆ ಮೂಡಿತು. ಒಂದೂ ತಪ್ಪಲಿಲ್ಲ, ಒಂದೂ ಮಸುಕಾಗಲಿಲ್ಲ. ಅತ್ತೆಯವರು ಪ್ರತಿ ಅಂಕಿಯನ್ನೂ ಅದು ಮೂಡುವುದಕ್ಕೆ ಮುಂಚೆಯೇ ತುಟಿಯಲ್ಲಿ ಹೇಳುತ್ತಿದ್ದರು.

ಇನ್ಸ್‌ಪೆಕ್ಟರು ಬೆರಳು ಮೂಸಿ ನೋಡಿಕೊಂಡರು. “ಏನ್ ಹಚ್ಚಿದ್ದೀರಾ ಮೇಡಂ?”

“ಅಗಸೆ ಎಣ್ಣೆ. ನಾಲ್ಕು ಕೈ. ತೆಳ್ಳಗೆ. ಮೊದಲು ಒಣಗಿಸ್ಬೇಕು, ನೀರು ಸೋಕಿಸ್ಬಾರ್ದು. ಹುಣಸೆಹಣ್ಣು ಮಾತ್ರ ಹಾಕ್ಲೇಬೇಡಿ.”

“ನಮ್ಮ ತಂದೆಯವರದ್ದು ಒಂದು ಹಳೇ ಸ್ಕೂಟರ್ ಇದೆ ಮೇಡಂ, ಕೆಳಗೆಲ್ಲ ತುಕ್ಕು...”

“ಬರ್ಕೊಳಿ” ಎಂದರು ಅತ್ತೆ. ಇನ್ಸ್‌ಪೆಕ್ಟರು ಪೆನ್ಸಿಲ್ ತಿರುಗಿಸಿ ಬರೆದುಕೊಂಡರು! ವ್ಯಾನು ಪಾಸಾಯಿತು. ಪರೀಕ್ಷಕನೇ ಪಾಠ ಬರೆದುಕೊಂಡ ಪರೀಕ್ಷೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಮನೆಗೆ ಹೋಗುವುದು ಬಿಟ್ಟು ಅತ್ತೆಯವರು ನೇರ ಸುದ್ದಗುಂಟೆಪಾಳ್ಯಕ್ಕೆ ಗಾಡಿ ತಿರುಗಿಸಿದರು. ಟಿಂಕರಿಂಗ್ ಅಂಗಡಿಯ ಮುಂದೆ ನಿಲ್ಲಿಸಿ, ಇಳಿಯದೆಯೇ ಹಾರ್ನ್ ಹೊಡೆದರು. ಆತ ಬಂದು ಮ್ಯಾಟ್ ಎತ್ತಿ ನೋಡಿದ, ಉಗುರಿನಿಂದ ಗೀರಿದ, ನನ್ನ ಮುಖ ನೋಡಿದ, ಅತ್ತೆಯವರ ಮುಖ ನೋಡಿದ.

“ಅಮ್ಮಾ, ನನ್ ಅಂಗಡಿ ಶಟರ್‌ಗೂ ಇದೇ ಹಚ್ಲಾ?”

ಅತ್ತೆಯವರು ರಾಣಿಯ ಹಾಗೆ ತಲೆಯಾಡಿಸಿ ಅಪ್ಪಣೆ ಕೊಟ್ಟರು.

ಸಂಜೆ ಜಯನಗರದ ಹೋಟೆಲೊಂದರಲ್ಲಿ ಮಸಾಲೆದೋಸೆಯ ವಿಜಯೋತ್ಸವವೆಂದು ತೀರ್ಮಾನವಾಯಿತು. ನನ್ನ ಹೆಂಡತಿ ಆಫೀಸಿನಿಂದ ನೇರವಾಗಿ ಅಲ್ಲಿಗೇ ಬರುವವಳಿದ್ದಳು. ನಾನು ನನ್ನ ಕಾರು ತೆಗೆದುಕೊಂಡು ಇಟ್ಟಮಡುವಿಗೆ ಹೋದೆ. ಮಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊರುಗೋಲು ಹಿಡಿದು ಗೇಟಿನಲ್ಲಿ ನಿಂತಿದ್ದರು.

“ಮಾವ, ಸೆಕೆ ಜಾಸ್ತಿ ಇದೆ, ನನ್ ಕಾರಲ್ಲಿ ಬನ್ನಿ. ಎಸಿ ಹಾಕ್ತೀನಿ” ಎಂದು ಬಾಗಿಲು ತೆರೆದು ಹಿಡಿದೆ.

ಮಾವನವರು ನನ್ನ ತಗ್ಗಿನ ಕಾರನ್ನು ನೋಡಿದರು. ಅತ್ತೆಯವರು ವ್ಯಾನಿನ ಬಾಗಿಲನ್ನು ಸರ್ರನೆ ಸರಿಸಿ, ಆ ಕಡೆ ಹೋಗಿ ಕನ್ನಡಿ ಒರೆಸತೊಡಗಿದರು. ಕನ್ನಡಿಯಲ್ಲಿ ಕೊಳೆಯೇನೂ ಇರಲಿಲ್ಲ. ಮಾವನವರು ವ್ಯಾನಿಗೆ ಬೆನ್ನು ಮಾಡಿ ನಿಂತರು. ಸೀಟು ಸರಿಯಾಗಿ ಅವರ ಸೊಂಟದ ಎತ್ತರಕ್ಕೆ ಇತ್ತು. ಮಂಡಿ ಬಗ್ಗಿಸುವ ಕಷ್ಟವಿಲ್ಲದೆ ಹಾಗೇ ಹಿಂದಕ್ಕೆ ಒರಗಿ ಕುಳಿತರು. ಒಂದು ಕಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಂಡರು, ಇನ್ನೊಂದನ್ನೂ ಎತ್ತಿಕೊಂಡರು. ಅಂಗಿ ಸರಿಮಾಡಿಕೊಂಡು, ಜಗಲಿಯ ಕುರ್ಚಿಯಲ್ಲಿ ಕುಳಿತಷ್ಟೇ ಠೀವಿಯಿಂದ ಮುಂದೆ ನೋಡಿದರು. ಅವರು ಕುಳಿತಾದ ಮೇಲೆಯೇ ಅತ್ತೆಯವರು ಒರೆಸುವುದನ್ನು ನಿಲ್ಲಿಸಿದ್ದು.

ನಾನು ತೆರೆದ ಬಾಗಿಲು ಹಿಡಿದುಕೊಂಡೇ ನಿಂತಿದ್ದೆ. ಅತ್ತೆಯವರು ಹತ್ತಿರ ಬಂದು, ವ್ಯಾನಿನ ಕಡೆ ಕೇಳಿಸದ ಹಾಗೆ ಮೆಲ್ಲಗೆ ಹೇಳಿದರು:

“ನಿಮ್ ಕಾರಲ್ಲಿ ಎರಡು ಸಲ ಕರ್ಕೊಂಡು ಹೋದ್ರಿ. ಎರಡು ಸಲಾನೂ ಇಳಿಯೋವಾಗ ಕಂಕುಳಿಗೆ ಕೈ ಹಾಕಿ ಎತ್ತಿದ್ರಿ. ಪ್ರೀತಿಯಿಂದ್ಲೇ ಎತ್ತಿದ್ರಿ, ನಂಗೊತ್ತು. ಆದ್ರೆ ಆ ಎರಡು ದಿನಾನೂ ಅವರು ರಾತ್ರಿ ಊಟ ಮಾಡ್ಲಿಲ್ಲ. ಹೊಸ ಗಾಡಿ ಯಾವ್ದೇ ತಂದ್ರೂ ಯಾರಾದ್ರೂ ಎತ್ಲೇಬೇಕು. ಇದ್ರಲ್ಲಾದ್ರೆ ಅವರೇ ಹತ್ತಾರೆ, ಅವರೇ ಇಳೀತಾರೆ. ಇದನ್ನ ಅವರೆದುರಿಗೆ ನಾನು ಹೇಗೆ ಹೇಳ್ಲಿ?”

ನಾನು ಎತ್ತಿದ ಆ ಎರಡು ದಿನವೂ ನನ್ನ ಬಗ್ಗೆ ನಾನೇ ಎಷ್ಟು ಹೆಮ್ಮೆ ಪಟ್ಟುಕೊಂಡಿದ್ದೆ! ಮಾವನವರ ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಕಾರಿನ ಬಾಗಿಲು ಹಾಕಿ, ಬೀಗ ಹಾಕಿ, ವ್ಯಾನಿನಲ್ಲಿ ಮಾವನವರ ಪಕ್ಕದಲ್ಲಿ ಕುಳಿತೆ. ದಾರಿಯಲ್ಲಿ ಶೋರೂಮಿನವರ ಫೋನ್ ಬಂತು. ನಾವು ಕಾರು ಕೊಳ್ಳುತ್ತಿಲ್ಲ, ನಮಗೆ ಗಾಡಿಯಿದೆ ಎಂದು ಹೇಳಿ ಇಟ್ಟೆ.

ಹೋಟೆಲಿನ ಮುಂದೆ ವ್ಯಾನು ನಿಂತಾಗ ನಾನು ಮೊದಲು ಇಳಿದೆ. ಕೈಗಳು ಅಭ್ಯಾಸಬಲದಿಂದ ಮುಂದೆ ಬಂದವು. ಅವನ್ನು ಜೇಬಿಗೆ ತುರುಕಿಕೊಂಡು, ತಿರುಗಿ ನಿಂತು, ಹೋಟೆಲಿನ ತಿಂಡಿಯ ಬೋರ್ಡನ್ನು ಇಡ್ಲಿಯಿಂದ ಹಿಡಿದು ಬಾದಾಮಿ ಹಾಲಿನವರೆಗೆ ಒಂದಕ್ಷರ ಬಿಡದೆ ಓದಿದೆ. ಹಿಂದೆ ಊರುಗೋಲು ನೆಲಕ್ಕೆ ತಾಗಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನನ್ನ ಹೆಗಲ ಮೇಲೆ ಒಂದು ಕೈ ಬಿತ್ತು.

“ನಡೀರಿ ಅಳಿಯಂದ್ರೇ, ಒಳಗೆ ಜಾಗ ಹಿಡಿಯೋಣ” ಎಂದರು ಮಾವನವರು. ಅಂದು ಅವರು ಎರಡು ಮಸಾಲೆದೋಸೆ ತಿಂದರು.